ನಲವತ್ತು ದಾಟಿದ ಮೇಲೂ ರಾಕ್: ಲೇಬಲ್ ಸಿಗದವರಿಗೆ ಒಂದು ಮಾರ್ಗದರ್ಶಿ

ನಲವತ್ತು ದಾಟಿದೆ. ಹಾಡು ರೆಕಾರ್ಡ್ ಮಾಡಿಸಿ ಮಾರುವ ಕಂಪನಿಯ, ಅಂದರೆ ಲೇಬಲ್ ಕಡೆಯಿಂದ ಕರೆ ಬರಲೇ ಇಲ್ಲ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಮನೆಯ ಜವಾಬ್ದಾರಿ ಇದೆ. ಆದರೂ ವಾರಕ್ಕೊಮ್ಮೆ ಆಂಪ್‌ಗೆ (ಗಿಟಾರಿನ ಸದ್ದು ಏರಿಸುವ ಯಂತ್ರ) ಕೇಬಲ್ ಚುಚ್ಚಿ ಮೊದಲ ಕಾರ್ಡ್ ಬಾರಿಸಿದಾಗ ಎದೆಯಲ್ಲಿ ಆಗುವ ಖುಷಿ ಇಪ್ಪತ್ತರಲ್ಲಿ ಆಗುತ್ತಿದ್ದ ಖುಷಿಯೇ. ಈ ಲೇಖನ ಅಂಥವರಿಗೆ.

ನನಗೀಗ ಐವತ್ತೊಂದು. ಗಿಟಾರ್ ನುಡಿಸುತ್ತೇನೆ, ಹಾಡುತ್ತೇನೆ. ಮೂವತ್ತು ವರ್ಷದಲ್ಲಿ ಮೂರು ಬ್ಯಾಂಡ್ ಆದವು. ಒಂದಕ್ಕೂ ಲೇಬಲ್ ಸಿಗಲಿಲ್ಲ. ಈ ಮೂವತ್ತು ವರ್ಷದಲ್ಲಿ ಯಾರಾದರೂ ಮೊದಲೇ ಹೇಳಿದ್ದರೆ ಒಳ್ಳೆಯದಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಅರವತ್ತರಲ್ಲೂ, ಎಪ್ಪತ್ತರಲ್ಲೂ ನುಡಿಸುತ್ತಿರಬೇಕು ಅನ್ನುವುದೇ ಗುರಿ. ಅದಕ್ಕೆ ಈಗಿನಿಂದಲೇ ಮಾಡಿಕೊಳ್ಳಬೇಕಾದ ಏರ್ಪಾಡುಗಳಿವು.

ಹೆಜ್ಜೆ 1: ಕಾಯುವುದನ್ನು ನಿಲ್ಲಿಸಿ

ಇದು ಎಲ್ಲಕ್ಕಿಂತ ಮೊದಲು. ಯಾಕೆಂದರೆ ಕಾಯುವ ಅಭ್ಯಾಸ ನಮಗೆ ಗೊತ್ತಿಲ್ಲದ ಹಾಗೆ ಕೆಲಸವನ್ನು ನಿಲ್ಲಿಸಿಬಿಡುತ್ತದೆ. "ಒಳ್ಳೆ ಸ್ಟುಡಿಯೋ ಸಿಕ್ಕಾಗ ಈ ಹಾಡು ರೆಕಾರ್ಡ್ ಮಾಡೋಣ." "ಮ್ಯಾನೇಜರ್ ಸಿಕ್ಕ ಮೇಲೆ ಹೊರಗಡೆ ನುಡಿಸೋಣ." ಹೀಗೆ ಹೇಳಿಕೊಳ್ಳುತ್ತಲೇ ಹತ್ತು ವರ್ಷ ಹೋಗುತ್ತದೆ.

ಒಂದು ಹಾಳೆ ತೆಗೆದುಕೊಳ್ಳಿ. "ಡೀಲ್ ಆದ ಮೇಲೆ ಮಾಡೋಣ" ಅಂತ ಮುಂದೂಡಿದ್ದನ್ನೆಲ್ಲ ಬರೆಯಿರಿ. ಪಕ್ಕದಲ್ಲಿ, ಅದಕ್ಕೆ ನಿಜವಾಗಿಯೂ ಬೇರೆಯವರ ದುಡ್ಡು ಬೇಕಾ, ಬೇಡವಾ ಅಂತ ಗುರುತು ಹಾಕಿ. ನಾನು ಬರೆದಾಗ ಹನ್ನೊಂದು ಸಂಗತಿ ಬಂದವು. ಅದರಲ್ಲಿ ಎಂಟಕ್ಕೆ ಯಾರೂ ಬೇಕಿರಲಿಲ್ಲ. ಆ ಎಂಟರಲ್ಲಿ ನಾಲ್ಕು, ಬರೆದು ಮುಗಿಸಿ ರೆಕಾರ್ಡ್ ಮಾಡದೆ ಬಿಟ್ಟಿದ್ದ ಹಾಡುಗಳು. ಹಾಳೆ ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ.

ಅಮೆರಿಕದ ಓಹಾಯೋದ ರಾಬರ್ಟ್ ಪೊಲಾರ್ಡ್ ಅವರನ್ನು ನೆನಪಿಸಿಕೊಳ್ಳಿ. ಗೈಡೆಡ್ ಬೈ ವಾಯ್ಸಸ್ ಬ್ಯಾಂಡಿನವರು. ಪ್ರೈಮರಿ ಶಾಲೆಯ ಮೇಷ್ಟ್ರು. ಶಾಲೆಯ ಕೆಲಸ ಮಾಡಿಕೊಂಡೇ, ಮನೆಯ ನೆಲಮಾಳಿಗೆಯಲ್ಲಿ, ನಾಲ್ಕು ದನಿಯನ್ನು ಬೇರೆ ಬೇರೆಯಾಗಿ ತುಂಬುವ ಫೋರ್-ಟ್ರ್ಯಾಕ್ ಕ್ಯಾಸೆಟ್ ಯಂತ್ರದಲ್ಲಿ ಹಾಡು ರೆಕಾರ್ಡ್ ಮಾಡುತ್ತಿದ್ದರು. ಕೈಯಿಂದ ದುಡ್ಡು ಹಾಕಿ ಒಂದರ ಮೇಲೊಂದು ಆಲ್ಬಂ ತಂದರು. ದೊಡ್ಡ ಮಟ್ಟದಲ್ಲಿ ಜನ ಗುರುತಿಸಿದ್ದು 1994ರಲ್ಲಿ, ಅವರಿಗೆ ಮೂವತ್ತಾರಾದಾಗ. ನನಗೆ ಮುಖ್ಯ ಅನ್ನಿಸುವುದು ಆ ವರ್ಷವಲ್ಲ, ಅದಕ್ಕೆ ಮುಂಚಿನ ವರ್ಷಗಳು. ಯಾರೂ ಕೇಳದಿದ್ದ ಕಾಲದಲ್ಲೂ ಹಾಡುಗಳು ಮುಗಿಯುತ್ತಿದ್ದವು. ಹಾಗಾಗಿಯೇ ಜನ ತಿರುಗಿ ನೋಡಿದಾಗ ತೋರಿಸಲು ಅವರ ಹತ್ತಿರ ರಾಶಿ ಹಾಡು ಇತ್ತು.

ಹಾಳೆಯಲ್ಲಿ ಯಾರೂ ಬೇಡದ ಸಂಗತಿಗಳಿವೆಯಲ್ಲ, ಅವುಗಳಲ್ಲಿ ಒಂದಕ್ಕೆ ಇವತ್ತೇ ತಾರೀಕು ಹಾಕಿ.

ಹೆಜ್ಜೆ 2: ಕಿವಿ ಉಳಿಸಿಕೊಳ್ಳಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ಕೈ ನೋವಿಗೆ ಮದ್ದಿದೆ, ಗಂಟಲಿಗೆ ವಿಶ್ರಾಂತಿ ಕೊಡಬಹುದು. ಕಿವಿ ಹಾಗಲ್ಲ. ಒಳಗಿವಿಯಲ್ಲಿ ಸುಮಾರು 15,000 ಸೂಕ್ಷ್ಮ ಕೂದಲಿನಂಥ ಕೋಶಗಳಿವೆ. ಸದ್ದನ್ನು ಹಿಡಿದು ನರಕ್ಕೆ ದಾಟಿಸುವುದು ಅವೇ. ಒಮ್ಮೆ ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಲೆಕ್ಕ ನೋಡಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಮಿತಿ 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ಗಂಟೆ. ಸದ್ದು ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. 100 ಡೆಸಿಬಲ್‌ಗೆ ಬಂದಾಗ ಉಳಿಯುವುದು ಬರೀ 15 ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ಸ್, ಎರಡು ಗಿಟಾರ್, ಬೇಸ್ ಒಟ್ಟಿಗೆ ಸೇರಿದರೆ 100 ಮುಟ್ಟುವುದು ಏನೂ ಕಷ್ಟವಲ್ಲ. ಅಲ್ಲಿ ಮೂರು ಗಂಟೆ ಪ್ರ್ಯಾಕ್ಟೀಸ್ ಮಾಡಿದರೆ ಹನ್ನೆರಡು ದಿನದ ಸದ್ದನ್ನು ಒಂದೇ ಸಂಜೆ ಕಿವಿಗೆ ತುಂಬಿದ ಹಾಗೆ.

ನನಗೆ ಎಚ್ಚರವಾದದ್ದು ನಲವತ್ಮೂರರಲ್ಲಿ. ಪ್ರ್ಯಾಕ್ಟೀಸ್ ಮುಗಿಸಿ ಮನೆಗೆ ಬಂದು ಮಲಗಿದ್ದೆ. ಕಿವಿಯಲ್ಲಿ ಎಂದಿನಂತೆ ಗುಂಯ್ ಅನ್ನುತ್ತಿತ್ತು. ಬೆಳಿಗ್ಗೆಗೆ ಹೋಗುತ್ತದೆ ಅಂದುಕೊಂಡೆ, ಯಾವಾಗಲೂ ಹೋಗುತ್ತಿತ್ತು. ಅವತ್ತು ಹೋಗಲಿಲ್ಲ. ಎಡಗಿವಿಯಲ್ಲಿ ಸಣ್ಣದಾಗಿ, ಹಳೇ ಟಿವಿ ಆನ್ ಮಾಡಿಟ್ಟ ಹಾಗೆ, ಇವತ್ತಿಗೂ ಇದೆ. ಅದರ ಜೊತೆ ಬದುಕುವುದನ್ನು ಕಲಿತಿದ್ದೇನೆ. ನೀವು ಕಲಿಯುವ ಹಾಗಾಗದಿರಲಿ.

ಏನು ಮಾಡಬೇಕು? ಮೊದಲು, ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಕೊಳ್ಳಿ. ಫೋಮ್‌ನ ಪ್ಲಗ್ ತೀಕ್ಷ್ಣ ಸ್ವರಗಳನ್ನು ಜಾಸ್ತಿ ನುಂಗುತ್ತದೆ. ಎಲ್ಲವೂ ಕಂಬಳಿಯೊಳಗಿಂದ ಕೇಳಿದ ಹಾಗಿರುತ್ತದೆ, ಹಾಗಾಗಿ ಎರಡನೇ ಹಾಡಿಗೇ ಕಿತ್ತು ಬಿಸಾಡುತ್ತೇವೆ. ಸಂಗೀತಗಾರರ ಪ್ಲಗ್‌ನಲ್ಲಿ ಫಿಲ್ಟರ್ ಇರುತ್ತದೆ. ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ಇಳಿಸುತ್ತದೆ. 15 ಡೆಸಿಬಲ್ ಇಳಿಸುವ ಫಿಲ್ಟರ್ ಸರಿಯಾಗಿ ಕೂತರೆ 100ರ ಕೋಣೆ ನಿಮ್ಮ ಕಿವಿಗೆ 85 ಆಗುತ್ತದೆ. ಹದಿನೈದು ನಿಮಿಷ ಅಂತಿದ್ದದ್ದು ಎಂಟು ಗಂಟೆ ಆಗುತ್ತದೆ.

ಹಾಡುವವರಿಗೆ ಒಂದು ಮಾತು. ಪ್ಲಗ್ ಹಾಕಿದಾಗ ನಿಮ್ಮ ದನಿ ನಿಮಗೇ ತಲೆಯೊಳಗೆ ಮೊಳಗಿದ ಹಾಗೆ ಕೇಳುತ್ತದೆ. ಮೊದಲ ಎರಡು ವಾರ ಶ್ರುತಿ ತಪ್ಪುತ್ತಿದೆಯೇನೋ ಅನ್ನುವ ಅಳುಕು ಇರುತ್ತದೆ. ಪ್ಲಗ್ಗನ್ನು ಇನ್ನೂ ಸ್ವಲ್ಪ ಒಳಗೆ ಕೂರಿಸಿದರೆ ಅದು ಕಡಿಮೆಯಾಗುತ್ತದೆ. ಅಚ್ಚು ತೆಗೆದು ಕಿವಿಯ ಅಳತೆಗೆ ಮಾಡಿಸಿದ್ದು ಇನ್ನೂ ವಾಸಿ. ಮನೆಯಲ್ಲಿ ಅಕೌಸ್ಟಿಕ್ ಗಿಟಾರ್ ಹಿಡಿದು ಹಾಡುವಾಗಲೂ ಹಾಕಿಕೊಳ್ಳಿ, ಬೇಗ ಒಗ್ಗುತ್ತದೆ.

ಎರಡನೆಯದು, ಆಂಪನ್ನು ನೆಲದ ಮೇಲಿಟ್ಟು ಕಾಲಿಗೆ ಕೇಳಿಸಬೇಡಿ. ಕುರ್ಚಿಯ ಮೇಲಿಡಿ, ಇಲ್ಲವೇ ಮೇಲ್ಮುಖವಾಗಿ ವಾಲಿಸಿ. ಸ್ಪೀಕರ್ ಕಿವಿಯ ಕಡೆಗೆ ತಿರುಗಿದ ತಕ್ಷಣ ವಾಲ್ಯೂಮ್ ತಾನಾಗಿಯೇ ಇಳಿಸುತ್ತೀರಿ. ನೀವು ಇಳಿಸಿದರೆ ಬೇಸ್‌ನವರು ಇಳಿಸುತ್ತಾರೆ, ಅವರು ಇಳಿಸಿದರೆ ಹಾಡುವವರು ಕಿರುಚಬೇಕಾಗಿಲ್ಲ. ಡ್ರಮ್ಮರ್ ಕಿವಿಯ ಪಕ್ಕದಲ್ಲೇ ಸಿಂಬಲ್ (ಲೋಹದ ತಟ್ಟೆ) ಇರುವುದರಿಂದ ಅವರಿಗೆ ಪ್ಲಗ್ ಎಲ್ಲರಿಗಿಂತ ಹೆಚ್ಚು ಬೇಕು.

ಮೂರನೆಯದು, ತೊಂದರೆ ಇಲ್ಲದಿದ್ದರೂ ಈ ವರ್ಷವೇ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ ಆ ಗ್ರಾಫ್ ಇಟ್ಟುಕೊಳ್ಳಿ. ಸದ್ದಿನಿಂದ ಆದ ಹಾನಿ ಸಾಮಾನ್ಯವಾಗಿ 4,000 ಹರ್ಟ್ಜ್ ಆಸುಪಾಸಿನಲ್ಲಿ ಗುಂಡಿಯ ಹಾಗೆ ಕಾಣುತ್ತದೆ. ಎರಡು ವರ್ಷ ಬಿಟ್ಟು ಮತ್ತೆ ಮಾಡಿಸಿದಾಗ ಆ ಗುಂಡಿ ಆಳವಾಗಿದೆಯಾ ಅಂತ ಗೊತ್ತಾಗಬೇಕಾದರೆ ಹೋಲಿಸಲು ಹಳೆಯದೊಂದು ಬೇಕಲ್ವಾ? ಇನ್ನು, ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ "ನಾಳೆ ನೋಡೋಣ" ಅನ್ನಬೇಡಿ. ಅದೇ ದಿನ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ. ಅದಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಕಿವಿ ಮರಳುವ ಸಾಧ್ಯತೆ ಜಾಸ್ತಿ.

ಎಸಿ/ಡಿಸಿ ಬ್ಯಾಂಡಿನ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಕಿವಿಯ ಕಾರಣಕ್ಕೆ ಪ್ರವಾಸವನ್ನು ಅರ್ಧಕ್ಕೇ ಬಿಡಬೇಕಾಯಿತು. ಆಮೇಲೆ ಅವರು ಬ್ಯಾಂಡಿಗೆ ಮರಳಿದರು. ಅಂಥವರ ಹಿಂದೆ ತಂತ್ರಜ್ಞರ ತಂಡವೇ ಇರುತ್ತದೆ. ನಮ್ಮ ಹಿಂದೆ ಇರುವುದು ಜೇಬಿನಲ್ಲಿರುವ ಆ ಸಣ್ಣ ಇಯರ್‌ಪ್ಲಗ್ ಡಬ್ಬಿ. ಅದನ್ನು ಗಿಟಾರ್ ಬ್ಯಾಗಿನಲ್ಲಿ ಅಲ್ಲ, ಮನೆಯ ಕೀ ಗೊಂಚಲಿಗೇ ಕಟ್ಟಿಕೊಳ್ಳಿ. ಬೇರೆಯವರ ಗಿಗ್ (ಕಾರ್ಯಕ್ರಮ) ನೋಡಲು ಹೋದಾಗಲೂ ಬೇಕಾಗುತ್ತದೆ.

ಹೆಜ್ಜೆ 3: ಕೈಗೆ, ಬೆನ್ನಿಗೆ ತಕ್ಕ ಹಾಗೆ ಸಾಮಾನು ಬದಲಿಸಿ

ದಪ್ಪ ತಂತಿಯಲ್ಲೇ ಟೋನ್ ಇರುವುದು ಅಂತ ಹಟ ಹಿಡಿದವರಲ್ಲಿ ನಾನೂ ಒಬ್ಬ. ಈಗ ಆ ಮಾತು ಹೇಳುವುದಿಲ್ಲ. ಝೀಝೀ ಟಾಪ್ ಬ್ಯಾಂಡಿನ ಗಿಟಾರ್ ವಾದಕ ಬಿಲ್ಲಿ ಗಿಬ್ಬನ್ಸ್ ಅಷ್ಟು ದಪ್ಪನೆಯ ಟೋನ್ ತೆಗೆಯುವುದು 7ರ ಗೇಜ್ ತಂತಿಯಲ್ಲಿ, ಅಂದರೆ ಮೊದಲ ತಂತಿಯ ದಪ್ಪ ಬರೀ 0.007 ಇಂಚು.

ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಐಯೋಮಿ ಕಥೆ ಹಲವರಿಗೆ ಗೊತ್ತು. ಹದಿನೇಳನೇ ವಯಸ್ಸಿನಲ್ಲಿ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳಿನ ತುದಿ ಕತ್ತರಿಸಿಹೋದವು. ಎಡಗೈ ವಾದಕರಾದ್ದರಿಂದ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತೆಳು ತಂತಿ ಹಾಕಿದರು, ಆಮೇಲೆ ಶ್ರುತಿಯನ್ನೂ ಇಳಿಸಿದರು. ಕೈಗೆ ಬೇಕಾಗಿ ಮಾಡಿಕೊಂಡ ಬದಲಾವಣೆಯಿಂದಲೇ ಹೆವಿ ಮೆಟಲ್‌ನ ದನಿ ಹುಟ್ಟಿತು. ಹಾಗಾಗಿ ಕೈ ಕೇಳಿದ್ದನ್ನು ಕೊಡಲು ನಾಚಿಕೆ ಪಡಬೇಡಿ.

ಲೆಕ್ಕ ಸರಳ. ಇಡೀ ಗಿಟಾರನ್ನು ಅರ್ಧ ಸ್ವರ ಇಳಿಸಿದರೆ ತಂತಿಯ ಬಿಗಿ ಸುಮಾರು ಶೇ. 11 ಕಡಿಮೆಯಾಗುತ್ತದೆ. ಒಂದು ಪೂರ್ತಿ ಸ್ವರ ಇಳಿಸಿದರೆ ಶೇ. 20ರಷ್ಟು. 10ರ ಗೇಜಿನಿಂದ 9ಕ್ಕೆ ಬಂದರೆ ಮೊದಲ ತಂತಿಯಲ್ಲಿ ಶೇ. 19. ತಂತಿಯ ಉದ್ದ 25.5 ಇಂಚು ಇರುವ ಗಿಟಾರಿನಿಂದ 24.75 ಇಂಚಿಗೆ ಬಂದರೆ ಇನ್ನೊಂದು ಶೇ. 6. ಬೇಸ್ ನುಡಿಸುವವರಿಗೆ 34 ಇಂಚಿನ ಬದಲು 30 ಇಂಚಿನ ಶಾರ್ಟ್ ಸ್ಕೇಲ್ ಇದೆ. ತಂತಿ ಬದಲಿಸಿದ ಮೇಲೆ ಕತ್ತು, ಬ್ರಿಡ್ಜ್ ಎಲ್ಲ ಮತ್ತೆ ಸೆಟಪ್ ಮಾಡಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ತಂತಿ ಫ್ರೆಟ್‌ಗೆ ತಾಗಿ ಝರ್ರ್ ಅನ್ನುತ್ತದೆ, ನೀವು ತಪ್ಪನ್ನು ತೆಳು ತಂತಿಯ ಮೇಲೆ ಹೊರಿಸುತ್ತೀರಿ.

ನುಡಿಸುವ ಮೊದಲು ಹತ್ತು ನಿಮಿಷ ನಿಧಾನವಾಗಿ ಕೈ ಬಿಸಿ ಮಾಡಿಕೊಳ್ಳಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಅದುಮುತ್ತಿರಬಹುದು. ತೋರಿಸಿಕೊಳ್ಳಿ. ನೋವೇ ಇಲ್ಲದೆ, ನುಡಿಸುವಾಗ ಮಾತ್ರ ಒಂದು ಬೆರಳು ತಾನಾಗಿ ಮಡಚಿಕೊಳ್ಳುತ್ತಿದ್ದರೆ ಅದು ಬೇರೆ ಥರದ ತೊಂದರೆ. ಅದಕ್ಕೆ ನರರೋಗ ತಜ್ಞರನ್ನು ಕಾಣಬೇಕು. ಜಾಸ್ತಿ ಪ್ರ್ಯಾಕ್ಟೀಸ್ ಮಾಡಿದರೆ ಸರಿಹೋಗುತ್ತದೆ ಅಂತ ಹಟ ಮಾಡಿದರೆ ಹೆಚ್ಚುತ್ತದೆ.

ಈಗ ಬೆನ್ನಿನ ವಿಷಯ. ನಾಲ್ಕು ಸ್ಪೀಕರಿನ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ಒಂದೊಂದೂ 40 ಕಿಲೋ ಹತ್ತಿರ ತೂಗುತ್ತದೆ. ನನ್ನ ಕ್ಯಾಬನ್ನು ನಾನೂ ನಮ್ಮ ಡ್ರಮ್ಮರೂ ಕಿರಿದಾದ ಮೆಟ್ಟಿಲಲ್ಲಿ ಇಳಿಸುತ್ತಿದ್ದೆವು. ತಿರುವಿನಲ್ಲಿ ಅವನು ಕೆಳಗೆ, ನಾನು ಮೇಲೆ. ನನ್ನ ಸೊಂಟದಲ್ಲಿ ಚುಳ್ ಅಂತು. ಬಿಟ್ಟರೆ ಅವನ ಮೇಲೆ ಬೀಳುತ್ತದೆ. ಹಾಗೇ ಹಲ್ಲು ಕಚ್ಚಿ ಇನ್ನೂ ಒಂಬತ್ತು ಮೆಟ್ಟಿಲು ಇಳಿದೆ. ಆರು ವಾರ ಗಿಟಾರ್ ಮುಟ್ಟಲಿಲ್ಲ. ಆ ಕ್ಯಾಬ್ ಮಾರಿ, ನಿಯೋಡಿಮಿಯಂ ಅಯಸ್ಕಾಂತದ ಹಗುರ ಸ್ಪೀಕರ್ ಇರುವ ಒಂದು ಸ್ಪೀಕರಿನ ಡಬ್ಬ ತಂದೆ. ಒಂದೇ ಕೈಯಲ್ಲಿ ಎತ್ತಬಹುದು. ಈಗ ತುಂಬಾ ಜನ ವಾಲ್ವ್ ಆಂಪಿನ ಬದಲು ಅದರ ದನಿಯನ್ನು ಅನುಕರಿಸುವ ಪೆಡಲ್ ಗಾತ್ರದ ಮಾಡೆಲರ್ ತಂದು ನೇರ ಪಿಎಗೆ, ಅಂದರೆ ಸಭೆಗೆ ಕೇಳಿಸುವ ಸ್ಪೀಕರ್‌ಗಳಿಗೆ ಕೊಡುತ್ತಾರೆ. ಕೇಳುವವರ ಕಡೆ ನಿಂತು ನೋಡಿದ್ದೇನೆ, ಗಿಗ್‌ನಲ್ಲಿ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಭಾರದ ಗಿಟಾರ್ ಬಿಡಲು ಮನಸ್ಸಿಲ್ಲದಿದ್ದರೆ ಕನಿಷ್ಠ ಅಗಲವಾದ ಪಟ್ಟಿ ಹಾಕಿಕೊಳ್ಳಿ. ಕೂತು ಪ್ರ್ಯಾಕ್ಟೀಸ್ ಮಾಡಿ.

ಹೆಜ್ಜೆ 4: ಹಾಡನ್ನು ದನಿಗೆ ಹೊಂದಿಸಿ

ವಯಸ್ಸಾದಂತೆ ದನಿ ಬದಲಾಗುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ದನಿ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ತುಂಬಾ ವಯಸ್ಸಾದ ಗಂಡಸರ ಮಾತಿನ ದನಿ ಸ್ವಲ್ಪ ತೆಳುವಾಗಿ ಮೇಲೇರುತ್ತದೆ. ಇಪ್ಪತ್ತೈದರಲ್ಲಿ ಬರೆದ ಹಾಡಿನ ಮೇಲಿನ ಸ್ವರಕ್ಕೆ ಇವತ್ತಿನ ಗಂಟಲನ್ನು ಬಲಿ ಕೊಡಬೇಕಾಗಿಲ್ಲ.

ಪರೀಕ್ಷೆ ಹೀಗೆ. ಹಾಡಿನ ಅತಿ ಎತ್ತರದ ಸಾಲನ್ನು ಪ್ರ್ಯಾಕ್ಟೀಸಿನ ಕೊನೆಯಲ್ಲಿ, ದನಿ ದಣಿದಾಗ, ಮೂರು ಸಲ ಬೆನ್ನುಬೆನ್ನಿಗೆ ಹಾಡಿ. ಮೂರನೇ ಸಲವೂ ಗಂಟಲು ಹಿಂಡದೆ ಬಂದರೆ ಅದು ನಿಮ್ಮ ಕೀ (ಹಾಡಿನ ಶ್ರುತಿ). ಬರದಿದ್ದರೆ ಅರ್ಧ ಸ್ವರ ಇಳಿಸಿ, ಮತ್ತೆ ನೋಡಿ. ಗಿಟಾರನ್ನು ಅರ್ಧ ಸ್ವರ ಇಳಿಸಿಟ್ಟರೆ ಕೈಗೂ ಗಂಟಲಿಗೂ ಒಂದೇ ಏಟಿಗೆ ಉಪಕಾರ. ನಾವು ಆರು ವರ್ಷದಿಂದ ಪೂರ್ತಿ ಬ್ಯಾಂಡ್ ಹಾಗೇ ನುಡಿಸುತ್ತಿದ್ದೇವೆ. ಹಾಡುಗಳು ಮೊದಲಿಗಿಂತ ತೂಕವಾಗಿ ಕೇಳುತ್ತಿವೆ.

ಹಾಡುವ ಮೊದಲು ಸಣ್ಣ ಸ್ಟ್ರಾ ಬಾಯಲ್ಲಿಟ್ಟು ಐದು ನಿಮಿಷ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಗುನುಗಿ. ಸ್ಟ್ರಾ ಒಡ್ಡುವ ಒತ್ತಡದಿಂದ ದನಿತಂತುಗಳು ಜೋರಾಗಿ ಬಡಿದುಕೊಳ್ಳದೆ ಸಡಿಲವಾಗುತ್ತವೆ. ದಿನವಿಡೀ ನೀರು ಕುಡಿಯಿರಿ. ಗಂಟಲು ಕೂತಾಗ ಪಿಸುಗುಟ್ಟಿ ಮಾತಾಡಬೇಡಿ, ಸುಮ್ನೆ ಇರಿ. ದನಿ ಒಡಕು ನಾಲ್ಕು ವಾರ ದಾಟಿದರೆ ಗಂಟಲೊಳಗೆ ನೋಡಿಸಲೇಬೇಕು.

ಹೆಜ್ಜೆ 5: ಬ್ಯಾಂಡಿಗೆ ಒಂದು ದಿನ ಕೊಡಿ

ನಡುವಯಸ್ಸಿನ ಬ್ಯಾಂಡ್‌ಗಳು ಜಗಳದಿಂದ ಮುರಿಯುವುದು ಕಡಿಮೆ. "ಈ ವಾರ ಆಗಲ್ಲ, ಮುಂದಿನ ವಾರ ನೋಡೋಣ" ಅನ್ನುವುದರಿಂದ ಮುರಿಯುತ್ತವೆ. ನನ್ನ ಎರಡನೇ ಬ್ಯಾಂಡ್ ನಿಂತದ್ದು ಹಾಗೆ. ಯಾರೂ ಬಿಡುತ್ತೇನೆ ಅನ್ನಲಿಲ್ಲ. ಕೊನೆಯ ಪ್ರ್ಯಾಕ್ಟೀಸ್ ಯಾವುದು ಅಂತ ಯಾರಿಗೂ ನೆನಪಿಲ್ಲ.

ಆದ್ದರಿಂದ ಪ್ರತಿ ಸಲ ದಿನ ಹುಡುಕಬೇಡಿ. ವಾರದಲ್ಲಿ ಒಂದು ದಿನವನ್ನು ಗೊತ್ತು ಮಾಡಿ, ಎರಡು ಗಂಟೆ, ವರ್ಷಪೂರ್ತಿ ಅದೇ. ಒಬ್ಬರು ಬರದಿದ್ದರೆ ಉಳಿದವರು ಸೇರಿ. ಡ್ರಮ್ಮರ್ ಇಲ್ಲದ ದಿನ ಗಾಯನದ ಹಾರ್ಮನಿ ತಿದ್ದಬಹುದು. ಬೇಸ್ ಇಲ್ಲದ ದಿನ ಹೊಸ ಹಾಡಿನ ಸಾಲು ಕಟ್ಟಬಹುದು. ಪ್ರತಿ ಹಾಡಿನ ಕಾರ್ಡ್, ವೇಗ, ಎಷ್ಟು ಸುತ್ತು ಅನ್ನುವುದನ್ನು ಒಂದೊಂದು ಪುಟ ಬರೆದಿಡಿ. ಆಗ ಯಾರಿಗಾದರೂ ಕಾಯಿಲೆ ಬಂದರೆ, ಮನೆಯಲ್ಲಿ ತಂದೆ-ತಾಯಿಯನ್ನು ನೋಡಿಕೊಳ್ಳಬೇಕಾಗಿ ಬಂದರೆ, ಗೆಳೆಯರೊಬ್ಬರು ಬಂದು ಎರಡು ತಿಂಗಳು ನುಡಿಸಿ ಜಾಗ ಕಾಯಬಹುದು. ಬಿಟ್ಟುಹೋಗು ಅಂತ ಯಾರಿಗೂ ಹೇಳಬೇಕಾಗುವುದಿಲ್ಲ.

ಮನೆಯವರ ಜೊತೆ ಈ ದಿನದ ಬಗ್ಗೆ ಮೊದಲೇ ಮಾತಾಡಿ. ಕೇಳಿಕೊಳ್ಳುವ ದನಿಯಲ್ಲೂ ಬೇಡ, ಆಜ್ಞೆಯ ದನಿಯಲ್ಲೂ ಬೇಡ. ಇದು ನನಗೆ ಬೇಕು, ಬದಲಿಗೆ ಯಾವ ದಿನ ನಿನಗೆ ಪೂರ್ತಿ ಬಿಡುವು ಬೇಕು ಹೇಳು, ಅಂತ ಕೇಳಿ. ನಮ್ಮ ಮನೆಯಲ್ಲಿ ಈ ಒಂದು ಪ್ರಶ್ನೆಯಿಂದ ಹತ್ತು ವರ್ಷದ ಕಿರಿಕಿರಿ ಕರಗಿತು. ನಾನು ಅದನ್ನು ಇನ್ನೂ ಮುಂಚೆ ಕೇಳಬೇಕಿತ್ತು.

ಗಿಗ್ ಕಡಿಮೆ ತೆಗೆದುಕೊಳ್ಳಿ, ಚೆನ್ನಾಗಿ ತೆಗೆದುಕೊಳ್ಳಿ. ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿ: ಎಷ್ಟು ಹೊತ್ತಿಗೆ ವೇದಿಕೆ ಹತ್ತುತ್ತೇವೆ, ಡ್ರಮ್ಸ್ ಮತ್ತು ಆಂಪ್ ಅಲ್ಲೇ ಇದೆಯಾ, ದುಡ್ಡು ಯಾರು ಯಾವಾಗ ಕೊಡುತ್ತಾರೆ. ನಲವತ್ತು ನಿಮಿಷದ ಬಿಗಿಯಾದ ಸೆಟ್ ಸಾಕು. ವಯಸ್ಸನ್ನು ಮುಚ್ಚಿಡಬೇಡಿ, ಹೇಳಿಕೊಂಡು ಓಡಾಡಲೂಬೇಡಿ. ಜಾಗ ಕೊಡುವವರಿಗೆ ಉದ್ದನೆಯ ಪರಿಚಯಕ್ಕಿಂತ ಎರಡು ನಿಮಿಷದ ಲೈವ್ ವಿಡಿಯೋ ಕಳಿಸಿ. ಜೊತೆಗೆ ನುಡಿಸುವ ಹುಡುಗ-ಹುಡುಗಿಯರ ಸೆಟ್ ಪೂರ್ತಿ ನಿಂತು ಕೇಳಿ. ನಮ್ಮ ಮುಂದಿನ ಐದು ಗಿಗ್ ಬಂದದ್ದು ಹಾಗೆ ಕೇಳಿದ್ದರಿಂದಲೇ.

ಹೆಜ್ಜೆ 6: ರೆಕಾರ್ಡ್ ಮಾಡಿ, ಮುಗಿಸಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕಲಿಸುವವರು ಬೇಕಾದಷ್ಟಿದ್ದಾರೆ. ಎರಡು ತಿಂಗಳಿಗೊಂದು ಹಾಡು ಅಂತ ಇಟ್ಟುಕೊಳ್ಳಿ. ಎರಡು ತಿಂಗಳ ಕೊನೆಗೆ ಏನಿದೆಯೋ ಅದೇ ಕೊನೆಯ ಮಿಕ್ಸ್ (ಎಲ್ಲ ದನಿ ಸೇರಿಸಿದ ರೂಪ). ಒಂದು ವಿಷಯ ಮಾತ್ರ ನಮ್ಮ ವಯಸ್ಸಿನವರಿಗೆ ಸೇರಿದ್ದು. ವಯಸ್ಸಾದಂತೆ ಮೊದಲು ಕಳೆದುಹೋಗುವುದು ತೀಕ್ಷ್ಣ ಸ್ವರಗಳು. ಹಾಗಾಗಿ ಮಿಕ್ಸ್ ಮಾಡುವಾಗ ಸಿಂಬಲ್ಲನ್ನೂ ಗಿಟಾರಿನ ಟ್ರೆಬಲ್ಲನ್ನೂ ನಾವು ಅರಿಯದೆ ಏರಿಸುತ್ತೇವೆ. ಪಕ್ಕದಲ್ಲಿ ನಿಮಗೆ ಇಷ್ಟವಾದ ಒಂದು ಹಾಡನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಕೊನೆಗೊಮ್ಮೆ ಇಪ್ಪತ್ತರ ಹರೆಯದವರ ಕಿವಿಗೆ ಕೇಳಿಸಿ, "ಚುಚ್ಚುತ್ತಿದೆಯಾ?" ಅಂತ ಕೇಳಿ.

ಹೆಜ್ಜೆ 7: ಕಾಗದಪತ್ರ

ಒಂದು ಹಾಡಿನಲ್ಲಿ ಎರಡು ಹಕ್ಕುಗಳಿರುತ್ತವೆ. ಸಾಹಿತ್ಯ-ಸಂಗೀತದ ರಚನೆಯದ್ದು ಒಂದು, ರೆಕಾರ್ಡಿಂಗಿನದ್ದು ಇನ್ನೊಂದು. ಲೇಬಲ್ ಇಲ್ಲದ್ದರಿಂದ ಎರಡೂ ಸಾಮಾನ್ಯವಾಗಿ ನಿಮ್ಮ ಬ್ಯಾಂಡಿನ ಕೈಯಲ್ಲೇ ಇರುತ್ತವೆ. ಇದು ದೊಡ್ಡ ಆಸ್ತಿ. ಆದರೆ ಬ್ಯಾಂಡಿನೊಳಗೆ ಯಾರಿಗೆ ಎಷ್ಟು ಅನ್ನುವುದು ಬರೆದಿಲ್ಲದಿದ್ದರೆ ಮುಂದೆ ಸ್ನೇಹ ಕೆಡುತ್ತದೆ. ಹಾಡು ಮುಗಿದ ದಿನವೇ ಅರ್ಧ ಪುಟದಲ್ಲಿ ಹೆಸರು, ಪಾಲು, ತಾರೀಕು ಬರೆದು ಎಲ್ಲರೂ ಸಹಿ ಹಾಕಿ. ಹಳೇ ಹಾಡುಗಳಿಗೂ ಈಗ ಕೂತು ಬರೆಯಿರಿ. ಬ್ಯಾಂಡಿನ ಹೆಸರು ಯಾರದ್ದು ಅನ್ನುವುದನ್ನೂ ಸೇರಿಸಿ.

ನಿಮ್ಮ ದೇಶದ ಹಕ್ಕುಸ್ವಾಮ್ಯ ಸಂಘದಲ್ಲಿ ಹಾಡುಗಳನ್ನು ನೋಂದಾಯಿಸಿ. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಅದನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಸ್ಟ್ರೀಮಿಂಗ್ ದುಡ್ಡಿನ ಮೇಲೆ ಮನೆ ನಡೆಸುವ ಲೆಕ್ಕ ಹಾಕಬೇಡಿ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿರದ ಹಾಡಿಗೆ ರೆಕಾರ್ಡಿಂಗ್ ದುಡ್ಡೇ ಬರುವುದಿಲ್ಲ. ನೇರವಾಗಿ ಮಾರಿದರೆ ನಿಮಗೆ ಸಿಗುವ ಪಾಲು ಬಹಳ ದೊಡ್ಡದು. ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಇಟ್ಟುಕೊಳ್ಳುವುದು ಶೇ. 15. ನೂರು ಜನ ನಿಜವಾದ ಕೇಳುಗರ ಇಮೇಲ್ ಪಟ್ಟಿ ನಿಮ್ಮ ಹತ್ತಿರ ಇದ್ದರೆ ಅದನ್ನು ಜೋಪಾನ ಮಾಡಿ.

ಇನ್ನೊಂದು ಸಂಗತಿ ಹೇಳಲು ಮನಸ್ಸು ಭಾರವಾಗುತ್ತದೆ, ಆದರೂ ಹೇಳಬೇಕು. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ರಚನೆಯ ಹಕ್ಕು ಬರೆದವರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಇರುತ್ತದೆ. ಹಲವು ದೇಶಗಳಲ್ಲಿ 70. ಅಂದರೆ ನಿಮ್ಮ ಹಾಡುಗಳನ್ನು ನಿಮ್ಮ ನಂತರ ಯಾರೋ ನೋಡಿಕೊಳ್ಳಬೇಕು. ಹಾಡು ಹಂಚುವ ಕೆಲವು ಕಂಪನಿಗಳಲ್ಲಿ ವರ್ಷದ ಶುಲ್ಕ ಕಟ್ಟದಿದ್ದರೆ ಹಾಡುಗಳನ್ನು ತೆಗೆದುಬಿಡುತ್ತಾರೆ. ನೀವು ಇಲ್ಲದ ಮೊದಲ ವರ್ಷವೇ ನಿಮ್ಮ ದನಿ ಎಲ್ಲ ಕಡೆಯಿಂದ ಮಾಯವಾಗಬಹುದು. ಶುಲ್ಕ ಎಲ್ಲಿ ಕಟ್ಟಬೇಕು, ಪಾಸ್‌ವರ್ಡ್ ಏನು, ಹಾಡುಗಳು ಯಾರ ಪಾಲಿಗೆ ಅನ್ನುವುದನ್ನು ಉಯಿಲಿನ ಜೊತೆ ಬರೆದಿಡಿ. ನಂಬಿಕೆಯ ಒಬ್ಬರಿಗೆ ಅದು ಎಲ್ಲಿದೆ ಅಂತ ಹೇಳಿ.

ಹೆಜ್ಜೆ 8: ಹಳೇ ಟೇಪುಗಳನ್ನು ಕೆಳಗಿಳಿಸಿ

ಡೆಟ್ರಾಯಿಟ್‌ನ ಮೂವರು ಅಣ್ಣತಮ್ಮಂದಿರ ಬ್ಯಾಂಡ್ ಡೆತ್. 1975ರಲ್ಲಿ ಏಳು ಹಾಡು ರೆಕಾರ್ಡ್ ಮಾಡಿದರು. ಬ್ಯಾಂಡಿನ ಹೆಸರು ಬದಲಿಸಲು ಒಪ್ಪದೆ ದೊಡ್ಡ ಅವಕಾಶ ಬಿಟ್ಟರು. ಆ ಹಾಡುಗಳು ಆಲ್ಬಂ ಆಗಿ ಬಂದದ್ದು 2009ರಲ್ಲಿ, 34 ವರ್ಷದ ನಂತರ. ಬ್ಯಾಂಡನ್ನು ಮುನ್ನಡೆಸಿದ ಅಣ್ಣ ಡೇವಿಡ್ ಹ್ಯಾಕ್ನಿ 2000ದಲ್ಲೇ ತೀರಿಕೊಂಡಿದ್ದರು. ಜಗತ್ತು ಆ ಹಾಡು ಕೇಳಿದ್ದು ಮನೆಯವರು ಟೇಪನ್ನು ಉಳಿಸಿಟ್ಟಿದ್ದರಿಂದ.

ನಮ್ಮ ಪಾಲಿಗೆ ಹಾಗಾಗಲಿಲ್ಲ. ಮೊದಲ ಬ್ಯಾಂಡಿನ ಆರು ಹಾಡು ಒಂದು ಸ್ಟುಡಿಯೋದ ಹಾರ್ಡ್ ಡಿಸ್ಕಿನಲ್ಲಿದ್ದವು. ಸ್ಟುಡಿಯೋ ಮುಚ್ಚಿತು, ಡಿಸ್ಕ್ ಹೋಯಿತು. ಪ್ರತಿ ತೆಗೆದುಕೊಂಡಿರಲಿಲ್ಲ. ಅವತ್ತಿನಿಂದ ಒಂದೇ ನಿಯಮ: ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಕಂಪ್ಯೂಟರ್ ಸಾಫ್ಟ್‌ವೇರ್‌ನ ಸೆಷನ್ ಫೈಲನ್ನು ನಂಬಬೇಡಿ, ಹತ್ತು ವರ್ಷದ ನಂತರ ಅದು ತೆರೆಯದೇ ಹೋಗಬಹುದು. ಪ್ರತಿ ವಾದ್ಯವನ್ನೂ ಹಾಡಿನ ಶುರುವಿನಿಂದ, ಸೊನ್ನೆಯಿಂದ, ಬೇರೆ ಬೇರೆ 24 ಬಿಟ್ ವೇವ್ ಫೈಲ್ ಆಗಿ ತೆಗೆದಿಡಿ.

ದೊಡ್ಡ ರೀಲ್ ಟೇಪ್ ಇದ್ದರೆ ನೀವಾಗಿ ಓಡಿಸಬೇಡಿ. ಎಪ್ಪತ್ತು-ಎಂಬತ್ತರ ದಶಕದ ಕೆಲವು ಟೇಪುಗಳ ಅಂಟು ತೇವ ಹೀರಿ ಪಿಚಪಿಚ ಅನ್ನುತ್ತದೆ, ಓಡಿಸಿದರೆ ಸದ್ದಿರುವ ಪದರವೇ ಕಿತ್ತು ಬರುತ್ತದೆ. ಗೊತ್ತಿರುವವರು ಅದನ್ನು 50 ಡಿಗ್ರಿ ಚಿಲ್ಲರೆ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ, ಸರಿಯಿರುವ ಆ ಸ್ವಲ್ಪ ದಿನದಲ್ಲೇ ಪ್ರತಿ ತೆಗೆಯುತ್ತಾರೆ.

ಫೋರ್-ಟ್ರ್ಯಾಕ್ ಕ್ಯಾಸೆಟ್ ಬಗ್ಗೆ ಇನ್ನೊಂದು ಎಚ್ಚರಿಕೆ. ಈ ಬಗೆಯ ಯಂತ್ರ ಮೊದಲು ಬಂದದ್ದು 1979ರಲ್ಲಿ. ಹಲವು ಯಂತ್ರಗಳು ಟೇಪನ್ನು ಮಾಮೂಲಿ ವೇಗದ ಎರಡು ಪಟ್ಟು ಓಡಿಸುತ್ತಿದ್ದವು, ನಾಲ್ಕೂ ಟ್ರ್ಯಾಕನ್ನು ಒಂದೇ ದಿಕ್ಕಿನಲ್ಲಿ ತುಂಬುತ್ತಿದ್ದವು. ಅದನ್ನು ಸಾಧಾರಣ ಪ್ಲೇಯರಿಗೆ ಹಾಕಿದರೆ ಎರಡು ಟ್ರ್ಯಾಕ್ ಭೂತದ ಹಾಗೆ ನಿಧಾನವಾಗಿ ಕೇಳುತ್ತದೆ. ತಿರುಗಿಸಿ ಹಾಕಿದರೆ ಉಳಿದೆರಡು ಹಿಂದುಮುಂದಾಗಿ ಕೇಳುತ್ತದೆ. ಟೇಪ್ ಕೆಟ್ಟಿದೆ ಅಂತ ಎಸೆಯಬೇಡಿ. ಅದೇ ಬಗೆಯ ಯಂತ್ರ ಹುಡುಕಿ. ಅದು ಸಿಗದಿದ್ದರೆ ಎರಡೂ ಬದಿಯನ್ನು ಕಂಪ್ಯೂಟರಿಗೆ ತುಂಬಿ, ವೇಗ ಎರಡು ಪಟ್ಟು ಮಾಡಿ, ಹಿಂದುಮುಂದಾದದ್ದನ್ನು ತಿರುಗಿಸಿ, ನಾಲ್ಕನ್ನೂ ಜೋಡಿಸಬಹುದು.

ನಾನು ಹೋದ ವರ್ಷ ಹೀಗೆ ಜೋಡಿಸಿದ ಒಂದು ಕ್ಯಾಸೆಟ್ಟಿನಲ್ಲಿ, ಹಾಡು ಶುರುವಾಗುವ ಮೊದಲು ನಮ್ಮ ಮೊದಲ ಡ್ರಮ್ಮರ್ ಕೋಲಿಗೆ ಕೋಲು ತಾಗಿಸಿ ಎಣಿಸುವುದು ಕೇಳಿಸಿತು. ಒನ್, ಟೂ, ಆಮೇಲೆ ಒಂದು ಸಣ್ಣ ಕೆಮ್ಮು, ಮತ್ತೆ ಮೊದಲಿನಿಂದ ಒನ್, ಟೂ, ತ್ರೀ, ಫೋರ್. ಅವನು ಹೋಗಿ ಒಂಬತ್ತು ವರ್ಷ. ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ "ಪ್ರ್ಯಾಕ್ಟೀಸ್, ಬೇಡ" ಅಂತ ಬರೆದಿತ್ತು. ಬರೆದವನು ನಾನೇ.

ಹಾಗಾಗಿ ಒಂದೊಂದು ಪ್ರತಿಯ ಮೇಲೂ ಇಷ್ಟು ಬರೆಯಿರಿ: ತಾರೀಕು, ಜಾಗ, ಯಾರ್‍ಯಾರು ನುಡಿಸಿದ್ದು, ಯಾವ ಯಂತ್ರ, ಯಾವ ವೇಗ, ಗಿಟಾರಿನ ಶ್ರುತಿ. ಬೇಡ ಅಂತ ಮಾತ್ರ ಬರೆಯಬೇಡಿ.